ಎಂಜಿನ್ ಎಲ್ಲಿಂದಲೋ ಗಾಳಿ ಎಳೆಯುತ್ತಿದೆಯಾ? ವ್ಯಾಕ್ಯೂಮ್ ಲೀಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಬಿಸಿಲು ಏರಿದಂತೆ ನನ್ನ ಫೋನೂ ಜಾಸ್ತಿ ಬಡಿದುಕೊಳ್ಳುತ್ತದೆ. ಗೆಳೆಯರು, ಬೀಗರು, ಬೀಗರ ಗೆಳೆಯರು. “ಅಣ್ಣಾ, ಗಾಡಿ ನಿಂತಲ್ಲೇ ನಡಗಲಾಕತ್ತದ ನೋಡ್ರಿ. ಓಡಿಸಿದ್ರ ಏನೂ ಇಲ್ಲ.” ನಾನು ಮೆಕ್ಯಾನಿಕ್ ಅಲ್ಲ. ನನ್ನ ಗಾಡಿಯ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅಷ್ಟೇ. ಭಾನುವಾರ ಬೆಳಗ್ಗೆ ರಿಂಗ್ ರೋಡಿನ ಪಕ್ಕದ ಒಂದು ಶೆಡ್ಡಿನಲ್ಲಿ ಉಸ್ತಾದರ ಜೊತೆ ಕೂತು, ಬೈಸಿಕೊಂಡು ಕಲಿತ ವಿದ್ಯೆ. ಎಲ್ಲರೂ ಕೇಳುವುದು ಹೆಚ್ಚೂಕಮ್ಮಿ ಅವೇ ಪ್ರಶ್ನೆಗಳಾದ್ದರಿಂದ ಒಂದೇ ಕಡೆ ಬರೆದಿಟ್ಟಿದ್ದೇನೆ.

ವ್ಯಾಕ್ಯೂಮ್ ಲೀಕ್ ಅಂದರೆ ಏನು? ಕೆಳಗೆ ಏನೂ ಸೋರುತ್ತಿಲ್ಲವಲ್ಲ?

ಸೋರುವುದೂ ಇಲ್ಲ. ಇದು ಹೊರಗಿಂದ ಒಳಗೆ ಆಗುವ ಲೀಕ್. ಪೆಟ್ರೋಲ್ ಎಂಜಿನ್‌ನಲ್ಲಿ ನೀವು ರೇಸ್ ಕೊಡದೆ ಸುಮ್ನೆ ಬಿಟ್ಟಾಗ ಗಾಳಿ ಒಳಗೆ ಬಿಡುವ ಥ್ರಾಟಲ್‌ನ ಬಾಗಿಲು ಹೆಚ್ಚೂಕಮ್ಮಿ ಮುಚ್ಚಿರುತ್ತದೆ. ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಥ್ರಾಟಲ್‌ಗೂ ಎಂಜಿನ್‌ಗೂ ನಡುವಿನ ಮ್ಯಾನಿಫೋಲ್ಡ್‌ನಲ್ಲಿ ಜೋರಾದ ಎಳೆತ ಹುಟ್ಟುತ್ತದೆ. ಅದೇ ವ್ಯಾಕ್ಯೂಮ್. ಆ ಭಾಗದಲ್ಲಿ ಎಲ್ಲಾದರೂ ಸಣ್ಣ ತೂತು ಬಿದ್ದರೆ ಅಲ್ಲಿಂದಲೂ ಗಾಳಿ ಒಳಗೆ ನುಗ್ಗುತ್ತದೆ. ಎಳನೀರಿನ ಸ್ಟ್ರಾ ಮೇಲ್ಗಡೆ ಸೀಳಿದ್ದರೆ ಎಷ್ಟು ಎಳೆದರೂ ಬಾಯಿಗೆ ಬರೀ ಗಾಳಿ ಬರುತ್ತದೆ ಅಲ್ವಾ, ಹಾಗೆ.

1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಕಂಪ್ಯೂಟರ್, ಅಂದರೆ ಇಸಿಯು, ಈ ಲೆಕ್ಕ ಇಟ್ಟುಕೊಂಡೇ ಪೆಟ್ರೋಲ್ ಹಾಕುತ್ತದೆ. ಕದ್ದು ಬಂದ ಗಾಳಿ ಆ ಲೆಕ್ಕ ಕೆಡಿಸುತ್ತದೆ.

ನನ್ನ ಗಾಡಿಗೆ ಇದೇ ರೋಗ ಅಂತ ಹೇಗೆ ಗೊತ್ತಾಗುತ್ತದೆ?

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುವುದು, ಆರ್‌ಪಿಎಂ ಮುಳ್ಳು ತಾನೇ ಏರಿಳಿಯುವುದು, ಅಥವಾ ಐಡ್ಲಿಂಗ್, ಅಂದರೆ ರೇಸ್ ಕೊಡದಿದ್ದಾಗಿನ ಓಟ, ಮೇಲೇ ನಿಂತು ಕೆಳಗಿಳಿಯದಿರುವುದು. ಬಾನೆಟ್ ಒಳಗೆ ಸುಯ್ ಅನ್ನುವ ಸದ್ದು. ಬೆಳಗ್ಗೆ ಸ್ಟಾರ್ಟ್ ಆಗಿ ತಕ್ಷಣ ಆಫ್ ಆಗುವುದು. ಎಸಿ ಹಾಕಿದ ಕೂಡಲೇ ಉಸಿರು ಕಟ್ಟಿದಂತಾಗುವುದು. ಚೆಕ್ ಎಂಜಿನ್ ಲೈಟ್ ಬಂದರೂ ಬರಬಹುದು, ಬರದೆಯೂ ಇರಬಹುದು.

ಮುಖ್ಯ ಸುಳಿವು ಒಂದಿದೆ. ನಿಂತಾಗ ತೊಂದರೆ ಜಾಸ್ತಿ, ಓಡುವಾಗ ಕಡಿಮೆ. ರೇಸ್ ಕೊಟ್ಟರೆ ಥ್ರಾಟಲ್ ತೆರೆದು ರಾಶಿ ಗಾಳಿ ನೇರವಾಗಿ ಬರುತ್ತದೆ, ಎಳೆತವೂ ಇಳಿಯುತ್ತದೆ. ಆಗ ಕಳ್ಳಗಾಳಿಯ ಪಾಲು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಗಾಡಿ ಇದಕ್ಕೆ ಉಲ್ಟಾ ಮಾಡುತ್ತಿದ್ದರೆ, ಅಂದರೆ ನಿಂತಾಗ ಚೆನ್ನಾಗಿದ್ದು ಏರು ಹತ್ತುವಾಗ ಕೈ ಕೊಡುತ್ತಿದ್ದರೆ, ಮೊದಲು ಪೆಟ್ರೋಲ್ ಪಂಪು, ಫಿಲ್ಟರ್ ಕಡೆ ನೋಡಿ.

ಪ್ಲಗ್ ಬದಲಾಯಿಸಿದೆ, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಬದಲಾಯಿಸಿದೆ, ಆದರೂ ಹೋಗಲಿಲ್ಲ. ಯಾಕೆ?

ನಾನೂ ಅದನ್ನೇ ಮಾಡಿದವನು, ಆದ್ದರಿಂದ ನಗುವುದಿಲ್ಲ. ನನ್ನದು ಸಣ್ಣ ಪೆಟ್ರೋಲ್ ಕಾರು. ಮುಳ್ಳು 700ರಿಂದ 1100ರವರೆಗೆ ಉಯ್ಯಾಲೆ ಆಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ನಾಲ್ಕು ಪ್ಲಗ್ ಹಾಕಿದರು. ಎರಡು ದಿನ ಸರಿ ಅನ್ನಿಸಿತು. ಆಮೇಲೆ ಒಂದು ಕಾಯಿಲ್. ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್. ಮೂರು ವಾರದಲ್ಲಿ 4,600 ರೂಪಾಯಿ ಹೋಯಿತು, ಉಯ್ಯಾಲೆ ನಿಲ್ಲಲಿಲ್ಲ.

ಉಸ್ತಾದರು ಯಾವ ಮಷೀನೂ ತರಲಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಚಹಾ ಕುಡಿದರು. ಆಮೇಲೆ ಒಂದು ಮೊಳ ರಬ್ಬರ್ ಪೈಪ್ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದರು. ಪಿಸಿವಿ ಪೈಪಿನ, ಅಂದರೆ ಎಂಜಿನ್ ಹೊಟ್ಟೆಯ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪೈಪಿನ, ಹತ್ತಿರ ಕೈ ನಿಂತಿತು. ಪೈಪಿನ ಬಾಗಿದ ಜಾಗದ ಅಡಿಗೆ ಬೆರಳು ತೂರಿಸಿ ಒತ್ತಿದರು. ಎಂಜಿನ್ ತಟ್ಟನೆ ಸುಮ್ಮನಾಯಿತು. ಬೆರಳು ತೆಗೆದರೆ ಮತ್ತೆ ಉಯ್ಯಾಲೆ. ಮೇಲಿಂದ ನೋಡಿದರೆ ಪೈಪ್ ಹೊಸದರಂತೆ ಕರ್ರಗೆ ಇತ್ತು. ಬಿಚ್ಚಿ ಬಗ್ಗಿಸಿದಾಗ ಅಡಿಯ ಸೀಳು ಬಾಯಿ ತೆರೆದು, ಕೈಯಲ್ಲೇ ಲಟ್ಟೆಂದು ಮುರಿಯಿತು. “ಖಡಕ್ ರೊಟ್ಟಿ ಆಗ್ಯದ ನೋಡು ಇದು” ಅಂದರು. ಹೊಸ ಪೈಪಿಗೆ 140 ರೂಪಾಯಿ.

ಪ್ಲಗ್ ಹಾಕಿದವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಗಾಳಿ ಜಾಸ್ತಿಯಾದ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಆಗ ಮಿಸ್ಸಿಂಗ್ ಬರುತ್ತದೆ. ಹೊಸ ಪ್ಲಗ್ ಸ್ವಲ್ಪ ದಿನ ಅದನ್ನು ಮುಚ್ಚಿಹಾಕುತ್ತದೆ. ಆದರೆ ಪಾರ್ಟ್ ಬದಲಾಯಿಸುವ ಮೊದಲು ಹತ್ತು ನಿಮಿಷ ಕಿವಿ ಕೊಡಬೇಕಿತ್ತು. ನನ್ನ ತಕರಾರು ಅಷ್ಟೇ.

ನಮ್ಮ ಕಡೆ ಇದು ಯಾಕೆ ಜಾಸ್ತಿ?

ಬಿಸಿಲು. ಮೇ ತಿಂಗಳಲ್ಲಿ ಹೊರಗೇ 42-43 ಡಿಗ್ರಿ ಇರುವಾಗ ಬಾನೆಟ್ ಒಳಗಿನ ರಬ್ಬರಿನ ಪಾಡು ಏನು? ಕುಕ್ಕರಿನ ರಬ್ಬರ್ ಗಟ್ಟಿಯಾದರೆ ಸೀಟಿ ಬರುವುದಿಲ್ಲವಲ್ಲ, ಇದೂ ಅದೇ ಕಥೆ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ರಬ್ಬರ್ ಪೈಪ್ ಗಟ್ಟಿಯಾಗದೆ ಇದ್ದರೆ ಆಶ್ಚರ್ಯ ಪಡಬೇಕು.

ಹೊಲದ ಮನೆಯ ಹತ್ತಿರ ಗಾಡಿ ನಿಲ್ಲಿಸುವವರಿಗೆ ಇಲಿಯ ಕಾಟ ಬೇರೆ. ತೊಗರಿ ರಾಶಿಯ ಕಾಲದಲ್ಲಿ ಒಮ್ಮೆ ನಮ್ಮ ಮಾವನ ಗಾಡಿಯಲ್ಲಿ ತೆಳು ವ್ಯಾಕ್ಯೂಮ್ ಪೈಪನ್ನು ಇಲಿ ಅರ್ಧ ತಿಂದುಬಿಟ್ಟಿತ್ತು. ಇನ್ನೊಂದು ಧೂಳು. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿ, ಶಹಾಬಾದ್ ಕಡೆ ಕಲ್ಲಿನ ಗಣಿ. ಅಲ್ಲಿ ದಿನಾ ಓಡುವ ಗಾಡಿಗೆ ಲೀಕ್ ಆದರೆ ನಡುಕದ ಜೊತೆ ಇನ್ನೊಂದು ನಷ್ಟವೂ ಇದೆ. ತೂತಿನಿಂದ ಬರುವ ಗಾಳಿ ಏರ್ ಫಿಲ್ಟರ್ ದಾಟಿ ಬರುವುದಿಲ್ಲ. ಕಲ್ಲುಪುಡಿ ನೇರ ಸಿಲಿಂಡರಿಗೆ ಹೋಗಿ ರಿಂಗು, ಬೋರು ಸವೆಸುತ್ತದೆ.

ಮೊದಲು ಎಲ್ಲಿ ನೋಡಬೇಕು?

ನಾನು ನೋಡುವ ಸಾಲು ಹೀಗಿದೆ. ಮೊದಲು ಪಿಸಿವಿ ಪೈಪ್, ಅದರಲ್ಲೂ ಬಾಗಿದ ಜಾಗ ಮತ್ತು ತುದಿಗಳ ಅಡಿಭಾಗ. ಆಮೇಲೆ ಎಳೆತದ ಬಲದಿಂದ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿನ ದಪ್ಪ ಪೈಪ್ ಮತ್ತು ಅದರ ಒನ್‌ವೇ ವಾಲ್ವ್. ಆಮೇಲೆ ಪೆಟ್ರೋಲ್ ಆವಿ ಎಳೆಯುವ ಪರ್ಜ್ ವಾಲ್ವಿನ ಪೈಪ್. ಥ್ರಾಟಲ್ ಬಾಡಿಯ ಪ್ಯಾಕಿಂಗ್, ಇಂಜೆಕ್ಟರ್‌ಗಳ ಓ ರಿಂಗ್, ಕೊನೆಗೆ ಮ್ಯಾನಿಫೋಲ್ಡ್ ಪ್ಯಾಕಿಂಗ್. ಸುಲಭದಿಂದ ಕಷ್ಟಕ್ಕೆ ಹೋಗುವ ಸಾಲು ಇದು.

ಆಯಿಲ್ ಮುಚ್ಚಳ ಮತ್ತು ಡಿಪ್‌ಸ್ಟಿಕ್ ಮರೆಯಬೇಡಿ. ಪಿಸಿವಿ ಮೂಲಕ ಎಂಜಿನ್ ತನ್ನ ಹೊಟ್ಟೆಯ ಗಾಳಿಯನ್ನೂ ಎಳೆಯುತ್ತದೆ. ಆಯಿಲ್ ಬದಲಾಯಿಸಿದ ಮಾರನೇ ದಿನದಿಂದ ನಡುಕ ಶುರುವಾಗಿದ್ದರೆ ಮುಚ್ಚಳ ಸರಿಯಾಗಿ ಕೂತಿದೆಯಾ, ಅದರ ರಬ್ಬರ್ ಇದೆಯಾ ನೋಡಿ. ಇನ್ನೊಂದು: ಎಂಜಿನ್ ಓಡುವಾಗ ಮುಚ್ಚಳ ತೆಗೆಯಲು ಹೋದರೆ ಒಳಗಿಂದ ಯಾರೋ ಹಿಡಿದು ಎಳೆದಂತೆ ಗಟ್ಟಿಯಾಗಿದ್ದರೆ ಪಿಸಿವಿಯ ಒಳಗಿನ ತೆಳು ರಬ್ಬರ್ ಪರದೆ ಹರಿದಿರಬಹುದು.

ಮನೆಯಲ್ಲೇ, ಮಷೀನ್ ಇಲ್ಲದೆ ಹುಡುಕಬಹುದಾ?

ಖಂಡಿತ. ಮೊದಲು ಜಾಗ್ರತೆಯ ಮಾತು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ, ಬೆಲ್ಟ್ ಓಡುತ್ತಲೇ ಇರುತ್ತದೆ. ದುಪಟ್ಟಾ, ಟವೆಲ್, ಸಡಿಲ ತೋಳು, ಕೈಯ ಕಡಗ ಎಲ್ಲ ದೂರ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಒಂದು ಕಲ್ಲು ಇಡಿ.

ಮೊದಲನೆಯದು ಕಿವಿ. ಬೆಳಗ್ಗೆ ರಸ್ತೆ ಗದ್ದಲ ಶುರುವಾಗುವ ಮೊದಲು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಎಸಿ, ಬ್ಲೋವರ್, ಟೇಪ್ ಆಫ್ ಮಾಡಿ. ಮೇಲೆ ಹೇಳಿದ ಹಾಗೆ ಒಂದು ಪೈಪಿನ ತುದಿ ಕಿವಿಗೆ ಹಿಡಿದು ಇನ್ನೊಂದು ತುದಿ ಆಡಿಸಿ. ಇಂಜೆಕ್ಟರ್‌ಗಳ ಟಿಕ್‌ಟಿಕ್ ಸಹಜ. ಹುಡುಕಬೇಕಾದದ್ದು ಬಿಡದೆ ಬರುವ ಸುಯ್.

ಎರಡನೆಯದು ಒತ್ತಿ ನೋಡುವುದು. ರಬ್ಬರ್ ಪೈಪುಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಇಕ್ಕಳದಿಂದ ಮ್ಯಾನಿಫೋಲ್ಡ್ ಹತ್ತಿರವೇ ಅದುಮಿ. ಒಂದನ್ನು ಅದುಮಿದಾಗ ನಡುಕ ನಿಂತರೆ ಲೀಕ್ ಆ ಪೈಪಿನಲ್ಲೇ, ಇಲ್ಲವೇ ಅದು ಹೋಗಿ ಸೇರುವ ಪಾರ್ಟಿನಲ್ಲಿ. ಪಿಸಿವಿ ಪೈಪ್ ಅದುಮಿದಾಗ ಒಳ್ಳೆಯ ಗಾಡಿಯಲ್ಲೂ ಸ್ವಲ್ಪ ಬದಲಾವಣೆ ಆಗಬಹುದು, ಅದಕ್ಕೆ ಗಾಬರಿ ಬೇಡ. ಪ್ಲಾಸ್ಟಿಕ್ ಪೈಪುಗಳನ್ನು ಅದುಮಬೇಡಿ, ಮುರಿಯುತ್ತವೆ.

ಮೂರನೆಯದು ನೀರು. ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಅನುಮಾನ ಇರುವ ಜಾಯಿಂಟಿಗೆ ಸಣ್ಣಗೆ ಹೊಡೆಯಿರಿ. ತೂತಿದ್ದರೆ ನೀರು ಒಳಗೆ ಎಳೆದುಕೊಂಡು ಸದ್ದು ಬದಲಾಗುತ್ತದೆ, ಎಂಜಿನ್ ಕ್ಷಣ ತಡವರಿಸುತ್ತದೆ. ಆಲ್ಟರ್ನೇಟರ್, ಕಾಯಿಲ್, ವೈರ್ ಕನೆಕ್ಟರ್, ಬಿಸಿ ಸೈಲೆನ್ಸರ್ ಕಡೆ ನೀರು ಹೋಗಬಾರದು.

ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುತ್ತಾರಲ್ಲ, ಅದು ಸರೀನಾ?

ಕೆಲಸ ಮಾಡುತ್ತದೆ. ತೂತಿನ ಮೂಲಕ ಸ್ಪ್ರೇ ಒಳಗೆ ಹೋಗಿ ಉರಿದು ಆರ್‌ಪಿಎಂ ಬದಲಾಗುತ್ತದೆ. ಆದರೆ ಅದು ಹೊತ್ತಿಕೊಳ್ಳುವ ದ್ರವ, ಪಕ್ಕದಲ್ಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾದಿರುತ್ತದೆ. ನಮ್ಮ ಬಿಸಿಲಿನಲ್ಲಿ ನಾನಂತೂ ಮಾಡುವುದಿಲ್ಲ. ಮಾಡುವವರನ್ನು ಕಂಡರೆ ಎರಡು ಹೆಜ್ಜೆ ಹಿಂದೆ ನಿಂತು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ.

ಊದುಬತ್ತಿ ಹೊಗೆ ಹಿಡಿದರೆ?

ಪೆಟ್ರೋಲ್ ಪೈಪಿನ ಪಕ್ಕ ಕೆಂಡ ಹಿಡಿಯುವುದಾ? ಊದುಬತ್ತಿ ದೇವರ ಮುಂದೆ ಇರಲಿ.

ಸ್ಕ್ಯಾನರ್ ಹಾಕಿದರೆ ಸೀದಾ ಗೊತ್ತಾಗುತ್ತದೆ ಅಲ್ವಾ?

ಸೀದಾ ಗೊತ್ತಾಗುವುದಿಲ್ಲ, ಸುಳಿವು ಸಿಗುತ್ತದೆ. ಇಸಿಯು ಬರೆದಿಟ್ಟ ದೋಷದ ಕೋಡ್‌ಗಳನ್ನು ಸ್ಕ್ಯಾನರ್ ಓದುತ್ತದೆ. ಪಿ0171 ಕೋಡ್ ಬಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ. ಪಿ0507 ಬಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಮೇಲಿದೆ ಅಂತ. ಪಿ0300 ಅಂದರೆ ಮಿಸ್ಸಿಂಗ್. ಯಾವ ಕೋಡೂ “ಇಂಥ ಪೈಪ್ ಹರಿದಿದೆ” ಅಂತ ಹೇಳುವುದಿಲ್ಲ. ಪಿ0171 ನೋಡಿದ ಕೂಡಲೇ, ಸೈಲೆನ್ಸರ್ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದವರು ನನಗೆ ಗೊತ್ತು. ಪಾಪ, ಸೆನ್ಸರ್ ನಿಜವನ್ನೇ ಹೇಳುತ್ತಿತ್ತು.

ಕೋಡ್‌ಗಿಂತ ಫ್ಯೂಯಲ್ ಟ್ರಿಮ್ ನೋಡಿ. ಗಾಡಿಯ ಕಂಪ್ಯೂಟರ್ ಓದಿ ಮೊಬೈಲಿನಲ್ಲಿ ತೋರಿಸುವ ಅಗ್ಗದ ಬ್ಲೂಟೂತ್ ಒಬಿಡಿ ಡಾಂಗಲ್ ಸಾಕು. ಟ್ರಿಮ್ ಅಂದರೆ ಇಸಿಯು ತನ್ನ ಲೆಕ್ಕದ ಮೇಲೆ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಕಳೆಯುತ್ತಿದೆ ಅನ್ನುವ ಶೇಕಡಾವಾರು. ಶಾರ್ಟ್ (ಈ ಕ್ಷಣದ್ದು) ಮತ್ತು ಲಾಂಗ್ (ಕಲಿತು ಇಟ್ಟುಕೊಂಡದ್ದು) ಎರಡನ್ನೂ ಕೂಡಿಸಿ ನೋಡಿ. ಹತ್ತರ ಒಳಗಿದ್ದರೆ ಚಿಂತೆ ಇಲ್ಲ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಪ್ಲಸ್ 20, 25 ತೋರಿಸಿ, 2500 ಆರ್‌ಪಿಎಂನಲ್ಲಿ ಹಿಡಿದಾಗ ಪ್ಲಸ್ 5ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್ ಅನ್ನಲು ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ರೇಸ್ ಕೊಟ್ಟಾಗ ಇನ್ನೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಸೆನ್ಸರಿಗಿಂತ ಮೊದಲೇ ಸೈಲೆನ್ಸರ್ ಪೈಪ್ ಸೀಳಿದ್ದರೂ ಸುಳ್ಳು ಪ್ಲಸ್ ಬರುತ್ತದೆ, ಅದನ್ನೂ ಒಮ್ಮೆ ನೋಡಿಬಿಡಿ.

ನಮ್ಮ ಗಾಡಿಯಲ್ಲಿ ಟ್ರಿಮ್ ಸರಿ ಇದೆ, ಐಡ್ಲಿಂಗ್ ಮಾತ್ರ ಮೇಲಿದೆ. ಇದೂ ಲೀಕ್ ಆಗಿರಬಹುದಾ?

ಆಗಿರಬಹುದು. ಗಾಳಿ ಅಳೆಯುವ ಪದ್ಧತಿ ಎರಡು ಬಗೆ. ಕೆಲವು ಗಾಡಿಗಳಲ್ಲಿ ಏರ್ ಫಿಲ್ಟರ್ ಹತ್ತಿರ ಎಂಎಎಫ್ ಸೆನ್ಸರ್ ಇರುತ್ತದೆ. ಅದು ಬಾಗಿಲಲ್ಲಿ ನಿಂತು ತಲೆ ಎಣಿಸುವ ಕಾವಲುಗಾರ. ಹಿತ್ತಲಿನಿಂದ ನುಗ್ಗಿದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆಗ ಪೆಟ್ರೋಲ್ ಕಮ್ಮಿಯಾಗಿ ಟ್ರಿಮ್ ಏರುತ್ತದೆ.

ನಮ್ಮಲ್ಲಿ ಓಡುವ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇರುವುದು ಎಂಎಪಿ ಸೆನ್ಸರ್. ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುತ್ತದೆ. ಕದ್ದು ಬಂದ ಗಾಳಿಯೂ ಅಲ್ಲಿ ಒತ್ತಡ ಏರಿಸುವುದರಿಂದ ಅದನ್ನೂ ಎಣಿಸಿ ಪೆಟ್ರೋಲ್ ಹಾಕುತ್ತದೆ. ಮಿಶ್ರಣ ಸರಿಯಾಗಿಯೇ ಇರುತ್ತದೆ, ಎಂಜಿನ್ ಮಾತ್ರ ಜೋರಾಗಿ ಓಡುತ್ತದೆ. ಇಸಿಯು ಥ್ರಾಟಲ್ ಮುಚ್ಚಿ ಇಳಿಸಲು ನೋಡುತ್ತದೆ, ಜಾಸ್ತಿ ಇಳಿದರೆ ಮತ್ತೆ ತೆರೆಯುತ್ತದೆ. ಆ ಉಯ್ಯಾಲೆ ಬರುವುದು ಹೀಗೆ. ಒಂದೇ ಸಿಲಿಂಡರಿನ ಬಾಯಲ್ಲಿ ಲೀಕ್ ಇದ್ದರೆ ಆ ಒಂದರಲ್ಲಿ ಮಾತ್ರ ಮಿಸ್ಸಿಂಗ್ ಬರುತ್ತದೆ.

ವ್ಯಾಕ್ಯೂಮ್ ಗೇಜ್‌ನಲ್ಲಿ ಎಷ್ಟು ಬರಬೇಕು?

ಗೇಜ್ ಅಂದರೆ ಮ್ಯಾನಿಫೋಲ್ಡ್ ಎಳೆತ ಅಳೆಯುವ ಮುಳ್ಳಿನ ಮೀಟರ್. ಪುಸ್ತಕದಲ್ಲಿ 17ರಿಂದ 21 ಇಂಚು ಪಾದರಸ ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಬೇಕು. ಕಲಬುರಗಿ ಸುಮಾರು 1,500 ಅಡಿ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಹದಿನಾರು ಬಂದರೆ ಎಂಜಿನ್ ಹಾಳಾಗಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೀದರ್‌ನಲ್ಲಿ ಇನ್ನೂ ಸುಮಾರು ಮುಕ್ಕಾಲು ಇಂಚು ಕಮ್ಮಿ. ಮುಳ್ಳು ಅಲುಗಾಡದೆ ಹನ್ನೆರಡರ ಆಸುಪಾಸು ನಿಂತರೆ ಲೀಕ್ ಅಥವಾ ಟೈಮಿಂಗ್, ಅಂದರೆ ಕಿಡಿ ಇಲ್ಲವೇ ವಾಲ್ವ್‌ಗಳ ಸಮಯ ತಪ್ಪಿದ್ದು. ಒಂದೇ ತಾಳದಲ್ಲಿ ಕುಣಿದರೆ ವಾಲ್ವ್ ಕಡೆ ಅನುಮಾನ ಪಡಬೇಕು.

ಸ್ಮೋಕ್ ಟೆಸ್ಟ್ ಅಂದರೇನು? ಮಾಡಿಸಲೇಬೇಕಾ?

ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಕಡೆಯ ದಾರಿ ಮುಚ್ಚಿ, ಮ್ಯಾನಿಫೋಲ್ಡ್‌ಗೆ ಮಷೀನಿನಿಂದ ದಟ್ಟ ಹೊಗೆ ಬಿಡುತ್ತಾರೆ. ಎಲ್ಲಿಂದ ಹೊಗೆ ಏಳುತ್ತದೋ ಅಲ್ಲೇ ತೂತು. ಕಣ್ಣಿಗೆ ಕಾಣುವ ಸಾಕ್ಷಿ ಆದ್ದರಿಂದ ವಾದವೇ ಇಲ್ಲ. ಕಿವಿ, ನೀರು ಎರಡೂ ಸೋತಾಗ ಮಾಡಿಸಿ. ಒತ್ತಡ 1 ಪಿಎಸ್‌ಐ ಒಳಗೇ ಇರಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪ್ ನೇರವಾಗಿ ಹಚ್ಚುವವರಿದ್ದಾರೆ. ಬೇಡ ಅನ್ನಿ. ಒಳ್ಳೆಯ ಸೀಲೂ ಕಿತ್ತುಬರುತ್ತದೆ.

ಗ್ಯಾಸ್ ಕಿಟ್ ಹಾಕಿಸಿದ ಮೇಲೆ ಶುರುವಾಯಿತು. ಸಂಬಂಧ ಇದೆಯಾ?

ಬಹಳ ಇದೆ. ಹೊರಗೆ ಕೂರಿಸಿದ ಎಲ್‌ಪಿಜಿ, ಸಿಎನ್‌ಜಿ ಕಿಟ್‌ಗಳಿಗೆ ಮ್ಯಾನಿಫೋಲ್ಡ್ ಕೊರೆದು ನಳಿಕೆ ಹಾಕುತ್ತಾರೆ, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರಿಗಾಗಿ ವ್ಯಾಕ್ಯೂಮ್ ಪೈಪಿಗೆ ಟಿ ಜೋಡಿಸುತ್ತಾರೆ. ಅಷ್ಟೂ ಹೊಸ ಜಾಯಿಂಟ್‌ಗಳು. ಒಂದು ನಳಿಕೆ ಸಡಿಲವಾದರೂ ಸಾಕು. ಗಾಳಿಯ ದಾರಿಯಲ್ಲೇ ಗ್ಯಾಸ್ ಬೆರೆಸುವ ಹಳೆಯ ಮಿಕ್ಸರ್ ಕಿಟ್‌ಗಳಲ್ಲಿ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಂದಕ್ಕೆ ಹೊಡೆದರೆ, ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಸೀಳಿದರೂ ಸೀಳೀತು. ಗ್ಯಾಸ್ ಕಿಟ್ ಗಾಡಿಯಲ್ಲಿ ನಾನು ಪಿಸಿವಿಗಿಂತ ಮೊದಲು ಇಲ್ಲೇ ನೋಡುತ್ತೇನೆ.

ಡೀಸೆಲ್ ಗಾಡಿಯಲ್ಲೂ ಹೀಗಾಗುತ್ತದಾ?

ಹೀಗೇ ಆಗುವುದಿಲ್ಲ. ಡೀಸೆಲ್‌ನ ಮ್ಯಾನಿಫೋಲ್ಡ್‌ನಲ್ಲಿ ಇಂಥ ಎಳೆತ ಇರುವುದಿಲ್ಲ, ಬ್ರೇಕಿಗೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದೇ ಪಂಪಿನಿಂದ ಟರ್ಬೊಗೆ ಹೋಗುವ ತೆಳು ಪೈಪ್ ಹರಿದರೆ ಪಿಕಪ್ ಬೀಳುತ್ತದೆ. ಟರ್ಬೊದ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಪೈಪ್ ಸೀಳಿದರೆ ಗಾಳಿ ಹೊರಗೆ ಹೋಗಿ ಕರಿ ಹೊಗೆ ಬರುತ್ತದೆ.

ಬ್ರೇಕ್ ಪೆಡಲ್ ಗಟ್ಟಿಯಾಗಿದೆ. ಆಮೇಲೆ ನೋಡಿದರೆ ನಡೆಯುತ್ತದಾ?

ನಡೆಯುವುದಿಲ್ಲ. ಉಳಿದ ಲೀಕ್‌ಗಳು ಮೈಲೇಜ್ ತಿನ್ನುತ್ತವೆ, ಇದು ಜೀವಕ್ಕೆ ಬರುತ್ತದೆ. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಪೈಪ್ ಅಥವಾ ಒನ್‌ವೇ ವಾಲ್ವ್‌ನಲ್ಲಿ ತೊಂದರೆ ಇದೆ. ಪೆಡಲ್ ಒತ್ತಿದಾಗ ಕಾಲಿನ ಹತ್ತಿರ ಸುಯ್ ಅಂದು ಎಂಜಿನ್ ನಡುಗಿದರೆ ಬೂಸ್ಟರಿನ ಒಳಪರದೆ ಹರಿದಿದೆ. ಗಾಡಿ ಓಡಿಸಬೇಡಿ, ಉಸ್ತಾದರನ್ನೇ ಮನೆಗೆ ಕರೆಸಿ.

ಎಂ-ಸೀಲ್ ಅಥವಾ ಟೇಪ್ ಸುತ್ತಿದರೆ ಸಾಕಲ್ವಾ?

ಮನೆ ಮುಟ್ಟುವವರೆಗೆ ಸಾಕು. ಸೀಳು ತುದಿಯಲ್ಲಿದ್ದು ಪೈಪ್ ಉದ್ದ ಇದ್ದರೆ ಆ ತುಂಡು ಕತ್ತರಿಸಿ ಮತ್ತೆ ತೊಡಿಸಬಹುದು. ಇಲ್ಲದಿದ್ದರೆ ಹೊಸದೇ ಹಾಕಿ. ಆದರೆ ಕೈಗೆ ಸಿಕ್ಕ ಪೈಪ್ ಬೇಡ. ಪಿಸಿವಿಯಲ್ಲಿ ಆಯಿಲ್ ಆವಿ ಓಡುತ್ತದೆ, ಅಲ್ಲಿ ಬಣ್ಣಬಣ್ಣದ ಮಾಮೂಲಿ ಸಿಲಿಕೋನ್ ಪೈಪ್ ಉಬ್ಬಿ ಮೆತ್ತಗಾಗುತ್ತದೆ. ಆಯಿಲ್ ತಾಳುವ ನೈಟ್ರೈಲ್ ರಬ್ಬರ್ ಇರಲಿ, ಅಥವಾ ಕಂಪನಿಯ ಅಚ್ಚಿನ ಪೈಪೇ ಇರಲಿ. ಪರ್ಜ್ ವಾಲ್ವಿಗೆ ಪೆಟ್ರೋಲ್ ತಾಳುವ ಪೈಪ್. ಬ್ರೇಕ್ ಬೂಸ್ಟರಿಗೆ ಒಳಗೆ ದಾರ ಹೆಣೆದ ದಪ್ಪ ಪೈಪ್. ತೆಳು ನೀರಿನ ಪೈಪ್ ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ.

ಮ್ಯಾನಿಫೋಲ್ಡ್ ಪ್ಯಾಕಿಂಗ್ ಬದಲಾಯಿಸುವಾಗ ಏನು ನೋಡಬೇಕು?

ಹಳೆಯದನ್ನು ಕೆರೆಯುವಾಗ ತುಣುಕು ಒಳಗೆ ಬೀಳದಂತೆ ಬಟ್ಟೆ ತುರುಕಿ, ಆಮೇಲೆ ಆ ಬಟ್ಟೆ ತೆಗೆಯಲು ಮರೆಯಬೇಡಿ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ ಬಿಗಿಯಿರಿ. “ಇನ್ನೊಂಚೂರು ಟೈಟ್ ಮಾಡು” ಅನ್ನುವ ಚಟದಿಂದಲೇ ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ಗಳು ಸೀಳುವುದು. ಹೊಸ ಪ್ಯಾಕಿಂಗ್ ಮೇಲೆ ಧಾರಾಳವಾಗಿ ಸಿಲಿಕೋನ್ ಬಳಿಯುವುದೂ ಬೇಡ. ಸೆನ್ಸರಿಗೆ ಹೊಂದದ ಸಿಲಿಕೋನ್ ಆವಿ ಆಕ್ಸಿಜನ್ ಸೆನ್ಸರ್ ಕೆಡಿಸುತ್ತದೆ. ಇಂಜೆಕ್ಟರ್ ತೆಗೆಯುವುದಾದರೆ ಮೊದಲು ಪೆಟ್ರೋಲ್ ಪ್ರೆಷರ್ ಇಳಿಸಿ, ಹೊಸ ಓ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ.

ಸರಿ ಮಾಡಿದರೂ ಎಂಜಿನ್ ಇನ್ನೂ ಸ್ವಲ್ಪ ಏರಿಳಿಯುತ್ತಿದೆ, ಯಾಕೆ?

ಇಸಿಯು ಹಳೆಯ ತೂತಿಗೆ ಒಗ್ಗಿಹೋಗಿದೆ. ಸ್ಕ್ಯಾನರ್‌ನಿಂದ ಕೋಡ್ ಮತ್ತು ಟ್ರಿಮ್ ಅಳಿಸಿ, ಗಾಡಿಗೆ ಐಡಲ್ ಕಲಿಸುವ ವಿಧಾನ ಇದ್ದರೆ ಅದನ್ನೂ ಮಾಡಿ. ಆಮೇಲೆ ಊರೊಳಗೆ, ಹೈವೇಯಲ್ಲಿ ಎರಡು ದಿನ ಓಡಿಸಿ. ಅಷ್ಟಾದ ಮೇಲೂ ಟ್ರಿಮ್ ಮೇಲೇ ಇದ್ದರೆ ಎರಡನೇ ತೂತು ಇದೆ. ಒಂದು ಪೈಪ್ ಖಡಕ್ ರೊಟ್ಟಿ ಆಗಿದ್ದರೆ ಅದರ ವಾರಿಗೆಯವು ಮೆತ್ತಗೆ ಇರುತ್ತವಾ?

ಲೀಕ್ ಇಟ್ಟುಕೊಂಡೇ ಹೈದರಾಬಾದ್‌ಗೆ ಹೋಗಿ ಬರಬಹುದಾ? ಮದುವೆ ಇದೆ.

ಬ್ರೇಕ್ ಪೆಡಲ್ ಗಟ್ಟಿಯಿದ್ದರೆ ಹೋಗಬೇಡಿ. ಚೆಕ್ ಲೈಟ್ ಮಿಣುಕುತ್ತಿದ್ದರೂ ಹೋಗಬೇಡಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ, ಅದರ ಬೆಲೆ ಕೇಳಿದರೆ ಮದುವೆ ಊಟ ಇಳಿಯುವುದಿಲ್ಲ. ಬರೀ ಸಣ್ಣ ಸುಯ್ ಇದ್ದು, ನಿಂತಾಗ ಮಾತ್ರ ಸ್ವಲ್ಪ ನಡುಗುತ್ತಿದ್ದರೆ ಹೋಗಿ ಬರಬಹುದು. ಹುಮನಾಬಾದ್ ದಾಟಿದ ಮೇಲೆ ರಾತ್ರಿ ಶೆಡ್ಡು ಹುಡುಕುವುದು ಕಷ್ಟ. ಡಿಕ್ಕಿಯಲ್ಲಿ ಎರಡು ಕ್ಲಾಂಪ್, ಒಂದು ಸ್ಕ್ರೂಡ್ರೈವರ್, ಟಾರ್ಚ್ ಮತ್ತು ಒಂದು ಗೇಣು ಪೈಪ್ ಇಟ್ಟುಕೊಳ್ಳಿ.